ಗಂಡಿಪೇಟೆಯ ನೀರು

ಮದುವೆಯಾಗಿ ಧಾರವಾಡದಿಂದ ಹೈದರಾಬಾದಿಗೆ ಬಂದ ಹೊಸತರಲ್ಲಿ ನಮ್ಮ ಅತ್ತೆಯವರು ಒಂದು ತಂಬಿಗೆ ನೀರು ಕೊಟ್ಟು, "ಗಂಡಿಪೇಟಿ ನೀರು ಕುಡದಾವ್ರು ಈ ಊರು ಬಿಟ್ಟು ಹೋಗಂಗಿಲ್ಲ ನೋಡವಾ" ಎಂದಿದ್ದರು. ಇಲ್ಲಿನ ಹಳಬರೆಲ್ಲ ಹೇಳುವ ಮಾತದು. ಆ ನೀರಿನ ಹಿಂದೆ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಲೆಕ್ಕಾಚಾರವಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹಳೆಯ ನಗರದೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂಬ ಅಂದಾಜಿದೆ. ಅಫ್ಜಲ್‌ಗಂಜಿನ ಆಸ್ಪತ್ರೆ ಆವರಣದ ಹುಣಸೆಮರ ಹತ್ತಿ ಕುಳಿತ ನೂರೈವತ್ತು ಜನ ಬದುಕಿಕೊಂಡರು. ಆ ಮರ ಇಂದಿಗೂ ಇದೆ. ನೋಡದವರು ಒಮ್ಮೆ ಹೋಗಿ ಬನ್ನಿ.

ಆಗ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮ ಸರ್ಕಾರದ ಕರೆಗೆ ಒಪ್ಪಿ 1909ರ ಏಪ್ರಿಲ್‌ನಲ್ಲಿ ಇಲ್ಲಿ ಕೆಲಸ ಆರಂಭಿಸಿದರು, ಅಕ್ಟೋಬರ್ 1ಕ್ಕೆ ವರದಿ ಕೊಟ್ಟರು. ಮುಂದಿನ ತಿಂಗಳು ಮೈಸೂರಿನ ಮುಖ್ಯ ಇಂಜಿನಿಯರ್. ಇಷ್ಟು ಸ್ವಲ್ಪ ಸಮಯದಲ್ಲಿ ಅವರು ಮಾಡಿದ್ದೇನು? ನಗರದೊಳಗಿನ ನದಿಯನ್ನಷ್ಟೇ ನೋಡಲಿಲ್ಲ, ಮಳೆ ಬಿದ್ದ ಜಾಗಕ್ಕೆ ಹೋದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು ಮಳೆಯಾಗಿತ್ತು. ನದಿಗೆ ನೀರು ಹರಿದು ಬರುವ ಪ್ರದೇಶದಲ್ಲಿ 788 ಕೆರೆಗಳಿದ್ದವು, ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಆ ನೀರೆಲ್ಲ ಕೆಳಗಿನದಕ್ಕೆ. ಅದೂ ತಡೆಯದೆ ಒಡೆದರೆ ಅದರ ಕೆಳಗಿನದಕ್ಕೆ. ಹೀಗೆ ಕೂಡಿಕೊಂಡು ಬಂದ ಪ್ರವಾಹದ ಗರಿಷ್ಠ ಮಟ್ಟವನ್ನು ಅವರು ಸುಮಾರು 4,25,000 ಕ್ಯೂಸೆಕ್ಸ್ ಎಂದು ಲೆಕ್ಕ ಹಾಕಿದರು.

ಊರಿನಲ್ಲಿ ದಂಡೆ ಎತ್ತರಿಸಿದರೆ ಸಾಲದು, ನೀರನ್ನು ಊರಿಗೆ ಬರುವ ಮೊದಲೇ ಹಿಡಿಯಬೇಕು ಎಂಬುದು ಅವರ ಸಲಹೆ. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ (ಅದೇ ನಮ್ಮ ಗಂಡಿಪೇಟೆ) 1920ರಲ್ಲಿ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕಟ್ಟಿದವರು ಇಲ್ಲಿಯ ಇಂಜಿನಿಯರುಗಳು, ಕೂಲಿಯವರು. ಎಲ್ಲವನ್ನೂ ನಮ್ಮವರ ಹೆಸರಿಗೇ ಬರೆದುಕೊಳ್ಳುವುದು ನ್ಯಾಯವಲ್ಲ. ಇನ್ನೊಂದು ವಿಷಯ: ಕುಡಿಯುವ ನೀರಿಗೆ ಕೆರೆ ತುಂಬಿರಬೇಕು, ಪ್ರವಾಹ ತಡೆಯಲು ಖಾಲಿ ಜಾಗ ಇರಬೇಕು. ಸಂಸಾರದಲ್ಲಿ ಉಳಿತಾಯವನ್ನೂ ಖರ್ಚನ್ನೂ ತೂಗಿಸಿದಂತೆ, ಪ್ರತಿ ಮಳೆಗಾಲದಲ್ಲೂ ಯಾರೋ ಎಚ್ಚರವಾಗಿರಬೇಕು.

2020ರ ಅಕ್ಟೋಬರ್ ಮಳೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಎದೆಮಟ್ಟ ನೀರು ನಿಂತಿತು. ಎರಡು ದಿನ ಕರೆಂಟಿಲ್ಲ. ಇದು ಮೊದಲು ಕೆರೆಯಂಗಳವಾಗಿತ್ತೆಂದು ವಾಚ್‌ಮನ್ ಸಹಜವಾಗಿ ಹೇಳಿದ. ಫ್ಲ್ಯಾಟ್ ಕೊಳ್ಳುವಾಗ ವಾಸ್ತು ಕೇಳಿದ್ದೆವು, ಇದನ್ನು ಕೇಳಿರಲಿಲ್ಲ. ಆ ಎರಡು ಸಾಗರಗಳ ಸುತ್ತ 10 ಕಿ.ಮೀ.ವರೆಗೆ ಕಟ್ಟಡಗಳನ್ನು ನಿಯಂತ್ರಿಸಲು 1996ರಲ್ಲಿ ಬಂದ 111ನೇ ಆದೇಶದ ನಿರ್ಬಂಧಗಳನ್ನು 2022ರಲ್ಲಿ ಸರ್ಕಾರ ತೆಗೆದಾಗ, ಬೆಲೆ ಏರುತ್ತದೆಂದು ನಮ್ಮ ಪರಿಚಯದವರೇ ಕೆಲವರು ಖುಷಿಪಟ್ಟರು.

ಕಳೆದ ಸೆಪ್ಟೆಂಬರ್ 15ರ ಕಾರ್ಯಕ್ರಮದಲ್ಲಿ ಕನ್ನಂಬಾಡಿಯ ಬದಲು ಈ 221 ಕೆರೆಗಳ ಕಥೆ ಹೇಳಿದೆ. ಮುಗಿದ ಮೇಲೆ ಗೆಳತಿಯೊಬ್ಬರು ಪಕ್ಕಕ್ಕೆ ಕರೆದರು. "ನಮ್ಮ ಕಾಲೊನಿ ಹೆಸರಿನ ಕೊನೆಗೆ 'ಕುಂಟ' ಅಂತಿದೆಯಲ್ಲ, ಹಾಗಂದ್ರೇನ್ರೀ?"

"ನಮ್ಮ ಕಡೆ ಕುಂಟೆ ಅಂತಾರಲ್ಲ, ಅದೇ. ಸಣ್ಣ ಕೆರೆ" ಎಂದೆ.