ವೇಣುಗ್ರಾಮದ ಪರದೇಶಿಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಆಡುಮಾತಿನಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು. ತಂದೆತಾಯಿಗಳನ್ನು ಕಳೆದುಕೊಂಡ ಕೂಸು ಪರದೇಶಿ; ಊರುಬಿಟ್ಟು ದೊಡ್ಡ ಪಟ್ಟಣ ಸೇರಿ ಅಲ್ಲಿ ಮಾತನಾಡಿಸುವವರಿಲ್ಲದೆ ಅಲೆಯುವವನೂ ಪರದೇಶಿ. ಮಧ್ಯಕಾಲೀನ ಕರ್ನಾಟಕದ ಶಾಸನಗಳಲ್ಲಿ ಈ ಪದಕ್ಕೆ ಇಂಥ ದೈನ್ಯವಿಲ್ಲ. ಸ್ವದೇಶಿ, ಪರದೇಶಿ, ನಾನಾದೇಶಿ ಎಂಬುವು ಅಲ್ಲಿ ವರ್ತಕ ಸಮೂಹಗಳನ್ನು ಗುರುತಿಸುವ ಗೌರವದ ಮಾತುಗಳು. ಪರಸ್ಥಳದವನು ಮಹಾನಗರವೊಂದನ್ನು ಹೊಕ್ಕಾಗ ಅವನಿಗೆ ದಾರಿ, ನೆಲೆ, ನಂಬಿಕೆಗಳು ಹೇಗೆ ದೊರೆಯುತ್ತಿದ್ದವು ಎಂಬ ಪ್ರಶ್ನೆಗೆ ಈ ಅರ್ಥಪಲ್ಲಟದಲ್ಲಿಯೇ ಒಂದು ಸುಳಿವಿದೆ. ಅದನ್ನು ಪರೀಕ್ಷಿಸಲು ರಟ್ಟರ ರಾಜಧಾನಿಯಾಗಿದ್ದ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ತಕ್ಕ ಸ್ಥಳ.

ನಗರದ ಬಗ್ಗೆ ಹಳಗನ್ನಡ ಕಾವ್ಯಗಳು ಧಾರಾಳವಾಗಿ ಮಾತನಾಡುತ್ತವೆ. ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಗೆ ಮೊದಲ ಸಾಲಿನ ಸ್ಥಾನ. ಕೋಟೆ, ಅಗಳು, ಉಪವನ, ಜಿನಭವನ, ಅಂಗಡಿಬೀದಿ ಎಲ್ಲವೂ ಅಲ್ಲಿ ಕ್ರಮವಾಗಿ ಬರುತ್ತವೆ. ರಟ್ಟರ ಆಶ್ರಯದಲ್ಲಿದ್ದು 1222ರಲ್ಲಿ ‘ಪಾರ್ಶ್ವನಾಥಪುರಾಣ’ವನ್ನು ರಚಿಸಿದ ಪಾರ್ಶ್ವಪಂಡಿತನೂ ಈ ಚಂಪೂ ಪರಂಪರೆಗೇ ಸೇರಿದವನು. ಆದರೆ ಈ ವರ್ಣನೆಗಳ ದೃಷ್ಟಿ ನಗರವನ್ನು ಒಮ್ಮೆಗೇ ಇಡಿಯಾಗಿ ಕಾಣಬಲ್ಲವನದು. ಬೀದಿಯ ತಿರುವಿನಲ್ಲಿ ನಿಂತು ದಾರಿ ಕೇಳುವವನದಲ್ಲ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಿ ರತ್ನಕಂಬಳಗಳನ್ನು ಹೊತ್ತ ಪರಸ್ಥಳದ ವ್ಯಾಪಾರಿ ಉಜ್ಜಯಿನಿಗೆ ಬರುತ್ತಾನೆ. ಅರಸನೇ ಕೊಳ್ಳಲಾರದ ಆ ಸರಕನ್ನು ಯಶೋಭದ್ರೆ ಕೊಂಡು ಸೊಸೆಯರ ಪಾದರಕ್ಷೆಗಳಿಗೆ ಬಳಸುತ್ತಾಳೆ. ಕಥೆಗೆ ಬೇಕಾದದ್ದು ಆಕೆಯ ಸಿರಿವಂತಿಕೆ; ಬೆಲೆ ಕೈಸೇರಿದೊಡನೆ ವ್ಯಾಪಾರಿ ಕಥೆಯಿಂದ ಮರೆಯಾಗುತ್ತಾನೆ. ಅವನು ಎಲ್ಲಿ ಇಳಿದುಕೊಂಡ, ಯಾರ ಮಾತಿನ ಮೇಲೆ ಅರಮನೆಯ ಬಾಗಿಲಿಗೆ ಹೋದ ಎಂಬುದು ಕಥೆಗಾರನ ಕಾಳಜಿಯಲ್ಲ. ಕಾವ್ಯ ಹೇಳದೆ ಬಿಟ್ಟ ಈ ಭಾಗವನ್ನು ಶಾಸನಗಳಲ್ಲಿ ಹುಡುಕಬೇಕಾಗುತ್ತದೆ.

ಕೂಂಡಿ ಮೂರುಸಾಸಿರವನ್ನು ಆಳಿದ ರಟ್ಟರ ಮೊದಲ ರಾಜಧಾನಿ ಸುಗಂಧವರ್ತಿ, ಇಂದಿನ ಸವದತ್ತಿ. 12ನೆಯ ಶತಮಾನದಲ್ಲಿ ಗೋವೆಯ ಕದಂಬರ ಆಳ್ವಿಕೆಯಲ್ಲಿದ್ದ ವೇಣುಗ್ರಾಮವು 13ನೆಯ ಶತಮಾನದ ಆರಂಭಕ್ಕೆ ರಟ್ಟರ ಕೈಯಲ್ಲಿತ್ತು. ನಾಲ್ಕನೆಯ ಕಾರ್ತವೀರ್ಯನು ತಮ್ಮನಾದ ಮಲ್ಲಿಕಾರ್ಜುನನೊಡನೆ ಅಲ್ಲಿಂದಲೇ ರಾಜ್ಯವಾಳುತ್ತಿದ್ದನು. ನಗರದ ನೆಲೆಯೂ ಅನುಕೂಲವಾದುದು. ಪಶ್ಚಿಮಕ್ಕೆ ಸಹ್ಯಾದ್ರಿಯ ಘಟ್ಟಗಳನ್ನಿಳಿದರೆ ಕೊಂಕಣದ ಬಂದರುಗಳು. ಉತ್ತರಕ್ಕೆ ಹುಕ್ಕೇರಿಯ ಸೀಮೆಯನ್ನು ಹಾಯ್ದರೆ ಶಿಲಾಹಾರರ ಕೊಲ್ಲಾಪುರ. ಈಶಾನ್ಯಕ್ಕೆ ಘಟಪ್ರಭೆಯ ಬಯಲು. ಹೊಸದಾಗಿ ರಾಜಧಾನಿಯಾದ ಇಂಥ ಊರಿಗೆ ಸೈನ್ಯದಷ್ಟೇ ಅಗತ್ಯವಾಗಿದ್ದವರು ಹೊರಗಿನಿಂದ ಸರಕು ತರುವವರು.

ಘಟಪ್ರಭೆಯ ಬಯಲಿನಲ್ಲಿಯೂ ಆಗ ಜೈನಧರ್ಮ ಬೇರೂರಿತ್ತು. ಗೋಕಾಕದ ಬಳಿಯ ಕೊಣ್ಣೂರಿನಲ್ಲಿ, ಅಂದಿನ ಕೊಂಡನೂರಿನಲ್ಲಿ, 1087ರಲ್ಲಿಯೇ ನಿಧಿಯಮಗಾಮುಂಡನು ಜಿನಾಲಯವನ್ನು ಕಟ್ಟಿಸಿದ್ದನು. ಇಂದು ಮೂಡಲಗಿ ತಾಲ್ಲೂಕಿನಲ್ಲಿರುವ ಕಲ್ಲೋಳಿ ಅಂದು ಸಿಂದನ ಕಲ್ಪೊಳೆ ಎನಿಸಿ ಕುರುಂಬೆಟ್ಟ ಕಂಪಣದ ಮುಖ್ಯ ಊರಾಗಿತ್ತು. ಅಲ್ಲಿ ರಾಜರಸನು ಶಾಂತಿನಾಥ ಬಸದಿಯನ್ನು ಕಟ್ಟಿಸಿದನು. ಅದಕ್ಕೆ ಬಿಟ್ಟ ದತ್ತಿಯನ್ನು ದಾಖಲಿಸುವ ಶಾಸನ ಶಕ 1127ನೆಯ ರಕ್ತಾಕ್ಷಿ ಸಂವತ್ಸರದ್ದು, ಅಂದರೆ ಕ್ರಿ.ಶ. 1204ರದು. ದತ್ತಿಯನ್ನು ವಹಿಸಿಕೊಂಡವರು ಶುಭಚಂದ್ರ ಭಟ್ಟಾರಕರು. ಅದೇ ಸಂವತ್ಸರದಲ್ಲಿ ರಾಜಧಾನಿಯಲ್ಲಿ ಸಚಿವ ಬೀಚಿರಾಜನು ಕಟ್ಟಿಸಿದ ರಟ್ಟ ಜಿನಾಲಯಕ್ಕೂ ದಾನ ಸಂದಿತು. ಅಲ್ಲಿಯೂ ಪ್ರತಿಗ್ರಾಹಿಗಳು ಶುಭಚಂದ್ರ ಭಟ್ಟಾರಕರೇ. ಹಳ್ಳಿಯ ಬಸದಿಗೂ ರಾಜಧಾನಿಯ ಬಸದಿಗೂ ಒಬ್ಬರೇ ಆಚಾರ್ಯರು. ಕಲ್ಪೊಳೆಯ ಶ್ರಾವಕನೊಬ್ಬ ವೇಣುಗ್ರಾಮಕ್ಕೆ ಹೋದರೆ ಅವನಿಗೆ ತೀರ ಅಪರಿಚಿತವಲ್ಲದ ಒಂದು ಬಾಗಿಲಾದರೂ ಅಲ್ಲಿತ್ತೆಂದು ಊಹಿಸಲು ಇಷ್ಟು ಸಾಕು.

ಬೆಳಗಾವಿಯ ಆ ದಾನಗಳನ್ನು ಎರಡು ಶಿಲಾಶಾಸನಗಳು ದಾಖಲಿಸುತ್ತವೆ. ಗ್ರಾಮ, ಭೂಮಿ, ಆಯಗಳ ದಾನ ಅವುಗಳ ವಿಷಯ. ಕೊನೆಯದಾದ ಆಯದಾನದ ಭಾಗವೇ ಇಲ್ಲಿ ಮುಖ್ಯ. ಅದರಲ್ಲಿ ವೇಣುಗ್ರಾಮದ ಮುಮ್ಮುರಿದಂಡವೆಂಬ ವರ್ತಕ ಸಂಘಟನೆ ಇದೆ. ಕೂಂಡಿ ಮೂರುಸಾಸಿರದ ವ್ಯಾಪಾರಿಗಳಿದ್ದಾರೆ. ಅಕ್ಕಸಾಲೆಗಳು, ಬಟ್ಟೆಯ ವ್ಯಾಪಾರಿಗಳು, ಎಣ್ಣೆಯ ವ್ಯಾಪಾರಿಗಳು ಇದ್ದಾರೆ. ಅವರ ಜೊತೆಯಲ್ಲಿಯೇ ಲಾಳರೂ ಮಲೆಯಾಳ ವ್ಯವಹಾರಿಗಳೂ ಇದ್ದಾರೆ. ಲಾಳವೆಂದರೆ ಗುಜರಾತಿನ ಲಾಟದೇಶ, ಮಲೆಯಾಳವೆಂದರೆ ಕೇರಳ. ಎರಡು ದೂರದ ಸೀಮೆಗಳಿಂದ ಬಂದ ಈ ಗುಂಪುಗಳಿಗೆ ತಮ್ಮ ತಮ್ಮ ಮುಖಂಡರಿದ್ದರು. ಶಾಸನ ಆ ಮುಖಂಡರ ಹೆಸರುಗಳನ್ನೂ ಕೊಡುತ್ತದೆ. ನಾಯಕ, ಸೆಟ್ಟಿ ಎಂಬ ಪದವಿಗಳು ಆ ಹೆಸರುಗಳ ಬೆನ್ನಿಗಿವೆ.

ಆಮೇಲೆ ಬರುವುದು ಸರಕುಗಳ ಪಟ್ಟಿ. ಕುದುರೆ, ಭತ್ತ, ಮೆಣಸು, ಹಸಿಶುಂಠಿ, ಅರಿಸಿನ, ವೀಳ್ಯದೆಲೆ, ಅಡಕೆ, ತೆಂಗಿನಕಾಯಿ ಮುಂತಾದವುಗಳ ಮೇಲೆ ಬಸದಿಗೆ ಸಲ್ಲಬೇಕಾದ ಪಾಲನ್ನು ಅದು ನಿಗದಿ ಮಾಡುತ್ತದೆ. ಆರ್ಥಿಕ ಇತಿಹಾಸಕಾರರು ಇದನ್ನು ಸುಂಕದ ವಿವರವೆಂದು ಓದುತ್ತಾರೆ. ಪರಸ್ಥಳದವನ ಕಣ್ಣಿನಿಂದ ಓದಿದರೆ ಇದೇ ನಗರದ ಕೈಪಿಡಿ. ಯಾವ ಸರಕಿಗೆ ಎಷ್ಟು ಕೊಡಬೇಕು, ಯಾರ ಎದುರಿಗೆ ಕೊಡಬೇಕು, ಕೊಟ್ಟದ್ದು ಎಲ್ಲಿಗೆ ಸಲ್ಲುತ್ತದೆ ಎಂಬುದು ಕಲ್ಲಿನ ಮೇಲೆ ಸ್ಥಿರವಾಗಿದೆ. ಹೊಸ ಊರಿನಲ್ಲಿ ಹೊರಗಿನವನಿಗೆ ಇರುವ ದೊಡ್ಡ ಭಯ ದಾರಿ ತಪ್ಪುವುದಲ್ಲ, ಮೋಸಹೋಗುವುದು. ದರ ಬಹಿರಂಗವಾಗಿದ್ದ ಕಡೆ ಆ ಭಯ ಅಷ್ಟರಮಟ್ಟಿಗೆ ಕಡಿಮೆ.

ಈ ದಾನವನ್ನು ಧಾರ್ಮಿಕ ಸಹಿಷ್ಣುತೆಯ ನಿದರ್ಶನವೆಂದು ಮಾತ್ರ ಕೊಂಡಾಡುವುದು ಅಪೂರ್ಣವಾದ ಓದು. ಆ ವರ್ತಕರೆಲ್ಲರೂ ಜಿನಭಕ್ತರಾಗಿದ್ದರೆಂದು ಭಾವಿಸಬೇಕಾಗಿಲ್ಲ. ಇದು ಬರಿಯ ವ್ಯವಹಾರವೆಂದು ತಳ್ಳಿಹಾಕುವುದೂ ಸಲ್ಲದು. ರಾಜಧಾನಿಯ ಜಿನಾಲಯಕ್ಕೆ ಸ್ಥಳೀಯರೊಡನೆ ಸಮಾನವಾಗಿ ಪಾಲು ಕೊಡುವುದರ ಮೂಲಕ ಲಾಳರೂ ಮಲೆಯಾಳರೂ ಆ ನಗರದ ಧರ್ಮಕಾರ್ಯದಲ್ಲಿ ಭಾಗಿಗಳಾದರು. ನಗರ ಅವರಿಂದ ಪಡೆಯಿತು. ಪ್ರತಿಯಾಗಿ ಅವರ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿತು. ಹೊರಗಿನವನು ಊರಿಗೆ ಸಲ್ಲುವವನಾಗುವ ಬಗೆ ಅಂದು ಇದಾಗಿತ್ತು. ಅವನಿಗೆ ನಗರದ ಬಾಗಿಲನ್ನು ತೆರೆಸಿದ್ದು ಅವನ ಸಮೂಹ.

ಸಮೂಹವಿಲ್ಲದವನ ಪಾಡೇನು? ಶಾಸನದ ಮೌನ ಇಲ್ಲಿಂದ ಆರಂಭವಾಗುತ್ತದೆ. ಎಲೆಯ ಹೇರಿಗೆ ಇಷ್ಟು ಎಂಬ ಕಟ್ಟಳೆಯಲ್ಲಿ ಹೇರು ಕಾಣುತ್ತದೆ, ಹೊತ್ತು ತಂದವನು ಕಾಣುವುದಿಲ್ಲ. ಕಲ್ಪೊಳೆಯಿಂದಲೋ ಕೊಂಡನೂರಿನಿಂದಲೋ ಎತ್ತುಗಳನ್ನು ಹೊಡೆದುಕೊಂಡು ಎರಡು ಮೂರು ದಿನ ನಡೆದು ಬಂದ ಆಳು, ತಲೆಹೊರೆಯ ಹೆಂಗಸು, ಕೆಲಸ ಅರಸಿ ಬಂದ ಒಂಟಿ ಮನುಷ್ಯ, ಇವರಾರಿಗೂ ಮುಖಂಡನಿಲ್ಲ, ಪದವಿಯಿಲ್ಲ. ಹೆಸರಿಲ್ಲದ ಅವರೂ ಪರದೇಶಿಗಳೇ ಆಗಿದ್ದರು. ವರ್ತಕ ಸಂಘಗಳು ಕಾಲಾಂತರದಲ್ಲಿ ಅಳಿದವು. 13ನೆಯ ಶತಮಾನದ ಪೂರ್ವಾರ್ಧ ಮುಗಿಯುವ ಮೊದಲೇ ಸೇವುಣ ಸಿಂಘಣನ ದಂಡನಾಯಕ ಬೀಚಣನಿಂದ ರಟ್ಟರ ರಾಜ್ಯವೂ ಕೊನೆಗೊಂಡಿತು. ಸಂಘದ ಬಲವಿದ್ದ ಪರದೇಶಿ ಮರೆಯಾದ ಮೇಲೆ ಭಾಷೆಯಲ್ಲಿ ಉಳಿದವನು ಒಂಟಿ ಪರದೇಶಿ ಮಾತ್ರ ಎನ್ನಬಹುದೇ? ಇದು ಊಹೆಯೇ ಆದರೂ ಪದದ ಇಂದಿನ ಅರ್ಥ ಅದನ್ನು ಬೆಂಬಲಿಸುತ್ತದೆ. ಪುರವರ್ಣನೆಗಳನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಅದೇ ಕಾಲದ, ಅದೇ ಸೀಮೆಯ ಆಯದ ಪಟ್ಟಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕಾದುದು ಈ ಕಾರಣಕ್ಕಾಗಿ. ಕವಿಯ ನಗರಕ್ಕೆ ಎಲ್ಲರೂ ಬರುತ್ತಾರೆ; ಬಂದವರು ಯಾವ ಬಲದ ಮೇಲೆ ಅಲ್ಲಿ ನಿಂತರು ಎಂಬುದನ್ನು ಈ ಪಟ್ಟಿಗಳು ತಿಳಿಸುತ್ತವೆ.

ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯಲ್ಲಿ ಇಂದಿಗೂ ನೇಮಿನಾಥನ ಪೂಜೆ ನಡೆಯುತ್ತಿದೆ. ರಂಗಮಂಟಪದ ಭುವನೇಶ್ವರಿಯ ಕಮಲವನ್ನು ನೋಡಲು ಹೊರಗಿನವರು ಬರುತ್ತಾರೆ. ಲಾಳರನ್ನೂ ಮಲೆಯಾಳರನ್ನೂ ಹೆಸರಿಸಿದ ಶಾಸನದ ಕಲ್ಲುಗಳು ಮಾತ್ರ ಬೆಳಗಾವಿಯಲ್ಲಿಲ್ಲ. ಎಲ್. ಡಿ. ಬಾರ್ನೆಟ್ ಅವುಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸುವ ವೇಳೆಗಾಗಲೇ ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದ್ದವು. ಪರಸ್ಥಳದವರಿಗೆ ವೇಣುಗ್ರಾಮದಲ್ಲಿ ನೆಲೆಯನ್ನು ಕೊಟ್ಟ ಆ ಬರಹ ಈಗ ತಾನೇ ಪರಸ್ಥಳದ ಮಹಾನಗರವೊಂದರಲ್ಲಿದೆ. ಅದರ ಪಾಠವನ್ನು ಇಲ್ಲಿಯವರು ಓದುತ್ತಿರುವವರೆಗೆ ಅದು ಇಂದಿನ ಅರ್ಥದ ಪರದೇಶಿಯಾಗದು.