ನೋವಿಲ್ಲದ ಊತ: ಪ್ಯಾರಿಸ್‌ನಲ್ಲಿ ಹೆಸರು, ವೆಲ್ಲೂರಿನಲ್ಲಿ ಪಾಠ

ನಮ್ಮ ದೊಡ್ಡಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ಒಂದು ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಅವರ ಎಡಗಾಲು ಸ್ವಲ್ಪ ಹೊರಳಿತು. ಸಂಜೆ ಹೊತ್ತಿಗೆ ಪಾದ ಊದಿ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. "ನೋವೇನೂ ಇಲ್ಲ ಕಣೋ, ಉಳುಕಿರಬೇಕು" ಅಂದರು. ಎಣ್ಣೆ ಹಚ್ಚಿ ನೀವಿಸಿಕೊಂಡರು. ಮರುದಿನವೇ ಹಸು ಹೊಡೆದುಕೊಂಡು ಹೊಲಕ್ಕೆ ಹೋದರು.

ಎರಡು ತಿಂಗಳಾದರೂ ಊತ ಇಳಿಯಲಿಲ್ಲ. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಪಾದದ ನಡುವಿನ ಮೂಳೆಗಳು ಮುರಿದು, ಕೀಲುಗಳು ಜಾಗ ಬಿಟ್ಟು ಸರಿದಿದ್ದವು. ಅಷ್ಟು ದಿನವೂ ಅವರು ಮುರಿದ ಕಾಲಿನಲ್ಲೇ ನಡೆದಿದ್ದರು.

ಮೂಳೆ ಮುರಿದರೂ ನೋವಾಗದೆ ಇರುತ್ತದೆಯೇ? ಇರುತ್ತದೆ. ಈ ತೊಂದರೆಗೆ ವೈದ್ಯರು 'ಶಾರ್ಕೋ ಪಾದ' ಎನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ವೈದ್ಯಲೋಕಕ್ಕೇ ಬಹಳ ಕಾಲ ಬೇಕಾಯಿತು. ಆ ಕಥೆಯಲ್ಲಿ ನಮ್ಮ ಪಕ್ಕದ ತಮಿಳುನಾಡಿಗೂ ದೊಡ್ಡ ಪಾಲಿದೆ.

ಪ್ಯಾರಿಸ್‌ನ ಆಸ್ಪತ್ರೆ

ಜೀನ್ ಮಾರ್ಟಿನ್ ಶಾರ್ಕೋ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗಗಳ ದೊಡ್ಡ ವೈದ್ಯ. ಅವರು ನೋಡುತ್ತಿದ್ದ ಕೆಲವರಿಗೆ ಸಿಫಿಲಿಸ್ ರೋಗ ಬೆನ್ನುಹುರಿಯವರೆಗೂ ಹೋಗಿತ್ತು. ಅಂಥವರ ಮೊಣಕಾಲು, ಸೊಂಟದ ಕೀಲು ಇದ್ದಕ್ಕಿದ್ದಂತೆ ಊದಿ ಹಾಳಾಗುತ್ತಿತ್ತು. ಆದರೆ ರೋಗಿಗೆ ಹೇಳಿಕೊಳ್ಳುವಂಥ ನೋವು ಇರುತ್ತಿರಲಿಲ್ಲ. 1868ರಲ್ಲಿ ಶಾರ್ಕೋ ಇದನ್ನು ವಿವರವಾಗಿ ಬರೆದರು. 1881ರಲ್ಲಿ ಲಂಡನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯರ ಸಮ್ಮೇಳನದಲ್ಲಿ ಇದಕ್ಕೆ ಅವರ ಹೆಸರೇ ಅಂಟಿಕೊಂಡಿತು.

ಯಾಕೆ ಹೀಗಾಗುತ್ತದೆ ಎನ್ನುವುದರಲ್ಲಿ ಮಾತ್ರ ಜಗಳ. ಕೀಲುಗಳನ್ನು ಪೋಷಿಸುವ ನರಗಳೇ ಕೆಟ್ಟಿವೆ ಎಂದು ಶಾರ್ಕೋ ಹೇಳಿದರು. ಜರ್ಮನಿಯ ಫೋಲ್ಕ್‌ಮನ್, ಫಿರ್ಶೋ ಮುಂತಾದವರು ಒಪ್ಪಲಿಲ್ಲ. ಸ್ಪರ್ಶ ಇಲ್ಲದ ಕಾಲಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತಲೇ ಇರುತ್ತದೆ, ರೋಗಿಗೆ ಗೊತ್ತಾಗುವುದಿಲ್ಲ, ನಡೆದು ನಡೆದು ಕೀಲು ಪುಡಿಯಾಗುತ್ತದೆ ಎಂದರು. ಈಗಿನ ತಿಳಿವಳಿಕೆ ಪ್ರಕಾರ ಎರಡು ಕಡೆಯವರ ಮಾತಿನಲ್ಲೂ ಸತ್ಯ ಇತ್ತು.

ಇನ್ಸುಲಿನ್ ಬಂತು, ಹೊಸ ತೊಂದರೆಯೂ ಕಂಡಿತು

ಆಗ ಈ ಕಾಯಿಲೆಯನ್ನು ಯಾರೂ ಶುಗರ್ ಜೊತೆ ಸೇರಿಸಿ ನೋಡುತ್ತಿರಲಿಲ್ಲ. ಇನ್ಸುಲಿನ್ ಬರುವ ಮುಂಚೆ, ಚಿಕ್ಕ ವಯಸ್ಸಿನಲ್ಲಿ ಜೋರಾಗಿ ಸಕ್ಕರೆ ಕಾಯಿಲೆ ಬಂದವರು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು.

ಅಲ್ಲಿಂದಾಚೆ ಶುಗರ್ ಇದ್ದವರು ಹತ್ತಾರು ವರ್ಷ ಬದುಕತೊಡಗಿದರು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಮೆಲ್ಲಗೆ ಸಾಯುತ್ತವೆ ಎನ್ನುವುದು ಹೆಚ್ಚು ಜನರಲ್ಲಿ ಕಾಣತೊಡಗಿತು. 1936ರಲ್ಲಿ ಅಮೆರಿಕದ ವೈದ್ಯ ವಿಲಿಯಂ ರೈಲಿ ಜೋರ್ಡನ್, ಸಕ್ಕರೆ ಕಾಯಿಲೆಯ ನರದೋಷಗಳ ಬಗ್ಗೆ ಬರೆಯುವಾಗ ಒಬ್ಬ ಹೆಂಗಸಿನ ಕಣಕಾಲಿನ ಬಗ್ಗೆ ಹೇಳಿದರು. ಕೀಲು ಹಾಳಾಗಿತ್ತು, ನೋವಿರಲಿಲ್ಲ. ಶಾರ್ಕೋ ಬರೆದು ಆಗಲೇ 68 ವರ್ಷ ಕಳೆದಿತ್ತು. ಮುಂದೆ ಪೆನ್ಸಿಲಿನ್ ಬಂದು ಸಿಫಿಲಿಸ್‌ನ ಅಂಥ ರೋಗಿಗಳು ಕಡಿಮೆಯಾದರು. ಈಗ ಶಾರ್ಕೋ ಪಾದಕ್ಕೆ ಮುಖ್ಯ ಕಾರಣ ಶುಗರೇ.

ವೆಲ್ಲೂರಿನ ಪಾಠ

ಪಾಲ್ ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ಇಂಗ್ಲೆಂಡಿನಲ್ಲಿ ಓದಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಅಲ್ಲಿ ಕುಷ್ಠರೋಗಿಗಳ ಕೈಕಾಲು ನೋಡತೊಡಗಿದರು.

ಕುಷ್ಠ ಬಂದರೆ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆ ಎಂದು ಜನ ಮಾತ್ರವಲ್ಲ, ವೈದ್ಯರೂ ನಂಬಿದ್ದ ಕಾಲ ಅದು. ಬ್ರಾಂಡ್ ಹತ್ತಿರ ಕೂತು ಗಮನಿಸಿದರು. ಬಿಸಿ ಪಾತ್ರೆ ಹಿಡಿದರೆ ಕೈ ಸುಡುತ್ತಿತ್ತು, ರೋಗಿಗೆ ಗೊತ್ತಾಗುತ್ತಿರಲಿಲ್ಲ. ರಾತ್ರಿ ಮಲಗಿದಾಗ ಇಲಿ ಬೆರಳು ಕಚ್ಚಿದರೂ ಎಚ್ಚರವಾಗುತ್ತಿರಲಿಲ್ಲ. ಅಂಗಾಲಿನ ಹುಣ್ಣಿನ ಮೇಲೆಯೇ ದಿನವಿಡೀ ನಡೆಯುತ್ತಿದ್ದರು. ಮಾಂಸ ತಾನಾಗಿ ಕೊಳೆಯುತ್ತಿರಲಿಲ್ಲ. ನೋವು ಎಂಬ ಕಾವಲುಗಾರ ಇಲ್ಲದ್ದರಿಂದ ಕೈಕಾಲು ಹಾಳಾಗುತ್ತಿದ್ದವು.

ಹಾಗಾದರೆ ಮದ್ದೇನು? ಪಾದಕ್ಕೆ ಪ್ಲಾಸ್ಟರ್ ಹಾಕಿ ಭಾರವನ್ನು ಹಂಚಿದರೆ ಹುಣ್ಣು ಮಾಯುತ್ತದೆ ಎಂದು ಭಾರತ ಮತ್ತು ಸಿಲೋನ್‌ನ ವೈದ್ಯರು 1930ರ ದಶಕದಲ್ಲೇ ಕಂಡುಕೊಂಡಿದ್ದರು. ಬ್ರಾಂಡ್ ಅದನ್ನು ಮುಂದುವರಿಸಿದರು. ಮಾಯ್ದ ಕಾಲಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದರು. ಇವತ್ತು ಆಸ್ಪತ್ರೆಗಳಲ್ಲಿ ಶುಗರ್ ಇದ್ದವರಿಗೆ ಹೇಳುವ 'ಎಂಸಿಆರ್ ಚಪ್ಪಲಿ' ಅದೇ ಜಾತಿಯದು.

1966ರಲ್ಲಿ ಬ್ರಾಂಡ್ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಸಕ್ಕರೆ ಕಾಯಿಲೆಯವರ ಪಾದ ನೋಡಿದಾಗ ವೆಲ್ಲೂರಿನ ರೋಗಿಗಳ ಪಾದವೇ ಕಂಡಂತಾಯಿತು. ರೋಗ ಬೇರೆ, ಸ್ಪರ್ಶ ಹೋದ ಕಾಲಿನ ಕಷ್ಟ ಒಂದೇ. ಅದೇ ಪ್ಲಾಸ್ಟರ್ ಅವರಿಗೂ ಕೆಲಸ ಮಾಡಿತು. ನಮ್ಮ ಸೀಮೆಯ ಬಡ ಕುಷ್ಠರೋಗಿಗಳ ಕಾಲಿನಿಂದ ಕಲಿತದ್ದು ಇವತ್ತು ಲೋಕದ ಶುಗರ್ ರೋಗಿಗಳ ಕಾಲು ಉಳಿಸುತ್ತಿದೆ.

ನಮಗೆ ಇದರಲ್ಲಿ ಏನಿದೆ?

ನಾವು ನೋವನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ನೋವಿದ್ದರೆ ಆಸ್ಪತ್ರೆ, ಇಲ್ಲದಿದ್ದರೆ ಹೊಲ. ಬಹಳ ವರ್ಷದಿಂದ ಶುಗರ್ ಇದ್ದವರ ಕಾಲಿಗೆ ಈ ಲೆಕ್ಕ ನಡೆಯುವುದಿಲ್ಲ.

ಒಂದು ಪಾದ ಊದಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ನೋವು ಕಡಿಮೆ ಇದ್ದರೂ, ಗಾಯ ಇಲ್ಲದಿದ್ದರೂ, ಅದೇ ದಿನ ಆ ಕಾಲಿಗೆ ಭಾರ ಹಾಕುವುದು ನಿಲ್ಲಿಸಿ. ಎಣ್ಣೆ ಹಚ್ಚಿ ನೀವಿಸಬೇಡಿ, ಶಾಖ ಕೊಡಬೇಡಿ. ಡಾಕ್ಟರ ಹತ್ತಿರ ಹೋಗಿ, "ಇಷ್ಟು ವರ್ಷದಿಂದ ಶುಗರ್ ಇದೆ, ಕಾಲು ಊದಿದೆ, ಆದರೆ ನೋವಿಲ್ಲ" ಎಂದು ಬಿಡಿಸಿ ಹೇಳಿ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಊತ ಇಳಿಯದಿದ್ದರೆ ಮತ್ತೆ ತೋರಿಸಿ. ಬೇಗ ಹಿಡಿದರೆ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್, ಕೆಲವು ತಿಂಗಳ ವಿಶ್ರಾಂತಿ ಸಾಕಾಗಬಹುದು. ತಡವಾದರೆ ಪಾದದ ಕಮಾನು ಕುಸಿದು, ಅಂಗಾಲು ದೋಣಿಯ ತಳದಂತೆ ಉಬ್ಬಿ, ಅಲ್ಲಿ ಹುಣ್ಣಾಗುತ್ತದೆ. ಕಾಲು ಕತ್ತರಿಸುವ ಮಾತು ಬರುವುದು ಹೆಚ್ಚಾಗಿ ಆ ಹುಣ್ಣಿನಿಂದ.

ನಮ್ಮ ದೊಡ್ಡಪ್ಪನ ಕಾಲು ಉಳಿಯಿತು, ಆಕಾರ ಉಳಿಯಲಿಲ್ಲ. ನಾಲ್ಕು ತಿಂಗಳು ಪ್ಲಾಸ್ಟರ್‌ನಲ್ಲಿದ್ದರು. ಆ ವರ್ಷ ಗದ್ದೆಯನ್ನು ಬೇರೆಯವರಿಗೆ ವಾರಕ್ಕೆ ಕೊಡಬೇಕಾಯಿತು. ಈಗ ಬರಿಗಾಲಿನಲ್ಲಿ ಅಂಗಳಕ್ಕೂ ಇಳಿಯುವುದಿಲ್ಲ. ದಿನಾ ರಾತ್ರಿ ಊಟವಾದ ಮೇಲೆ ದೊಡ್ಡಮ್ಮ ಅವರ ಎರಡೂ ಪಾದಗಳ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುತ್ತಾರೆ, ಯಾವುದಾದರೂ ಬಿಸಿ ಇದೆಯಾ ಅಂತ. ಅದಕ್ಕೆ ಅರ್ಧ ನಿಮಿಷವೂ ಬೇಡ.