ಬಾಲಿಗೆ ಹೊರಡುವ ಸದಸ್ಯರ ಗಮನಕ್ಕೆ: ಒಂದಷ್ಟು ಮಾತು, ಒಂದಷ್ಟು ರೀತಿ



2024ರಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲೆ ನಮ್ಮ ಹೊಸೂರು, ಕೃಷ್ಣಗಿರಿ ಕಡೆಯವರಿಗೂ ಆ ಊರು ಹತ್ತಿರವಾಗಿದೆ. ಹಿರಿಯ ಸದಸ್ಯರು ನಮ್ಮನ್ನು ಕೇಳುವುದು ಎರಡೇ: ಭಾಷೆಗೇನು ಮಾಡುವುದು, ಊಟಕ್ಕೇನು ಮಾಡುವುದು?

ಬೀದಿಯಲ್ಲೇ ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಿತ ಗಡಿಯವರು ಭಾಷೆಗೆ ಹೆದರಬೇಕಿಲ್ಲ. ಇಂಡೊನೇಷ್ಯಾದವರು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಬಹುಮಟ್ಟಿಗೆ ಬರೆದಂತೆಯೇ ಓದುತ್ತಾರೆ; 'ಸಿ' ಅಕ್ಷರ ಮಾತ್ರ 'ಚ' ಆಗುತ್ತದೆ. ಭಾಷೆಗೆ 'ಬಹಾಸಾ', ಹೆಸರಿಗೆ 'ನಾಮಾ', ಬಣ್ಣಕ್ಕೆ 'ವರ್ನಾ'. ಇವು ಸಂಸ್ಕೃತದಿಂದ ಹೋದವು. ಅಂಗಡಿಗೆ 'ಕೆಡೈ', ಹಡಗಿಗೆ 'ಕಪಾಲ್', ಮಾವಿಗೆ 'ಮಂಗ್ಗಾ' ಎನ್ನುವುದು ತಮಿಳಿನಿಂದ. ಕೊನೆಯದನ್ನು ಕೃಷ್ಣಗಿರಿಯವರು ಮರೆಯಲಾರರು.

ಆದರೆ ಪರಿಚಿತ ಪದಗಳೇ ಕೈಕೊಡುವುದೂ ಉಂಟು. 'ಸುವಾಮಿ' ಎಂದರೆ ಅಲ್ಲಿ ಗಂಡ! ಅಂಗಡಿಯವರನ್ನು 'ಏನ್ ಸ್ವಾಮಿ' ಎನ್ನುವ ನಮ್ಮ ರೂಢಿಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಹೋಗುವುದು ಕ್ಷೇಮ. 'ದೋಸಾ' ತಿಂಡಿಯಲ್ಲ, ಪಾಪ. 'ಮಹಲ್' ಅರಮನೆಯಲ್ಲ, ದುಬಾರಿ. ಹಾಲಿಗೆ 'ಸುಸು', ನಗದೆ 'ಕೋಪಿ ಸುಸು' ಎಂದರೆ ಹಾಲಿನ ಕಾಫಿ ಸಿಗುತ್ತದೆ.

ಹಿರಿಯ ಗಂಡಸರನ್ನು 'ಪಾಕ್', ಹೆಂಗಸರನ್ನು 'ಬೂ' ಎಂದು ಕರೆಯಿರಿ. ನಮ್ಮ ಅಯ್ಯಾ, ಅಮ್ಮಾ ಇದ್ದಂತೆ. ಬೆಳಿಗ್ಗೆ 'ಸೆಲಾಮತ್ ಪಾಗಿ', ಮಧ್ಯಾಹ್ನ 'ಸೆಲಾಮತ್ ಸಿಯಾಂಗ್', ಸಂಜೆ 'ಸೆಲಾಮತ್ ಸೋರೆ', ರಾತ್ರಿ 'ಸೆಲಾಮತ್ ಮಾಲಮ್'. ಧನ್ಯವಾದಕ್ಕೆ 'ತೆರಿಮಾ ಕಾಸಿ', ಕ್ಷಮಿಸಿ ಎನ್ನಲು 'ಮಾಆಫ್'. ಬೆಲೆ ಕೇಳಲು 'ಬೆರಾಪಾ ಹರ್ಗಾನ್ಯಾ?' ಉತ್ತರದಲ್ಲಿ 'ರಿಬು' ಬಂದರೆ ಸಾವಿರ. ಒಂದು ಲಕ್ಷಕ್ಕೆ 'ಸೆರಾತುಸ್ ರಿಬು'. ನೋಟಿನ ಸೊನ್ನೆಗಳನ್ನು ಎಣಿಸಿಯೇ ಕೊಡಿ. ಶೌಚಾಲಯ ಎಲ್ಲಿ ಎನ್ನಲು 'ಡಿ ಮಾನಾ ಕಾಮಾರ್ ಕೆಚಿಲ್?' ಎಂದರಾಯಿತು, ಅಕ್ಷರಶಃ 'ಚಿಕ್ಕ ಕೋಣೆ ಎಲ್ಲಿ?'

ಸಸ್ಯಾಹಾರಿಗಳು ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 'ಸಾಯಾ ತಿಡಾಕ್ ಮಾಕಾನ್ ಡಾಗಿಂಗ್' ಎಂದರೆ ನಾನು ಮಾಂಸ ತಿನ್ನುವುದಿಲ್ಲ. ಇಷ್ಟೇ ಸಾಲದು, ಮಾಂಸವಿಲ್ಲದ ತಟ್ಟೆಗೆ ಮೀನೋ ಮೊಟ್ಟೆಯೋ ಬರಬಹುದು. 'ತಾನ್‌ಪಾ' ಎಂದರೆ ಇಲ್ಲದೆ. ತಾನ್‌ಪಾ ಇಕಾನ್ (ಮೀನು), ತಾನ್‌ಪಾ ತೆಲುರ್ (ಮೊಟ್ಟೆ), ತಾನ್‌ಪಾ ಉಡಾಂಗ್ (ಸೀಗಡಿ) ಎಂದು ಬಿಡಿಸಿ ಹೇಳಬೇಕು. ಮುಖ್ಯವಾದದ್ದು 'ತಾನ್‌ಪಾ ತೆರಾಸಿ'. ತೆರಾಸಿ ಎಂಬುದು ಹುದುಗಿಸಿದ ಸೀಗಡಿಯ ಮುದ್ದೆ. ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಗೆ ಅದನ್ನು ಅರೆದು ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಫಲಕದಲ್ಲಿ 'ಆಯಾಮ್' ಎಂದರೆ ಕೋಳಿ, 'ಸಾಪಿ' ಎಂದರೆ ದನ, 'ಬಾಬಿ' ಎಂದರೆ ಹಂದಿ. ಸೋಯಾದಿಂದ ಮಾಡುವ 'ತಾಹು', 'ತೆಂಪೆ' ನಮಗೆ ಆಗುತ್ತವೆ.

ಕೊಡುವುದು, ಪಡೆಯುವುದು ಬಲಗೈಯಲ್ಲೇ. ಮುದ್ದಿಗೆಂದು ಮಕ್ಕಳ ತಲೆ ಮುಟ್ಟಬೇಡಿ. ದೇವಸ್ಥಾನಕ್ಕೆ ಸೊಂಟದಿಂದ ಕೆಳಗೆ ಸಾರೋಂಗ್, ಅದರ ಮೇಲೆ ನಡುಪಟ್ಟಿ ಕಟ್ಟಬೇಕು. ನಮ್ಮ ಪಂಚೆ ಉಡುವವರಿಗೆ ಇದೇನು ಹೊಸದಲ್ಲ. ಬೀದಿಯಲ್ಲಿ ಎಲೆಯ ಪುಟ್ಟ ಬುಟ್ಟಿಯಲ್ಲಿ ಹೂವಿಟ್ಟಿದ್ದರೆ ಅದು ನೈವೇದ್ಯ, ತುಳಿಯದೆ ಸುತ್ತಿ ನಡೆಯಿರಿ.

ಬಾಲಿಯವರ ಶಕ ವರ್ಷದ ಮೊದಲ ದಿನ 'ನ್ಯೆಪಿ'. 2026ರಲ್ಲಿ ಅದು ನಮ್ಮ ಯುಗಾದಿಯಂದೇ, ಮಾರ್ಚ್ 19ಕ್ಕೆ. ಎಲ್ಲ ವರ್ಷವೂ ಹೀಗೆ ಕೂಡಿ ಬರುವುದಿಲ್ಲ. ನಮ್ಮಲ್ಲಿ ಹೋಳಿಗೆ, ಅಲ್ಲಿ ಮೌನ. ಅಂದು ದೀಪ ಹಚ್ಚುವಂತಿಲ್ಲ, ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಬರುವಂತಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಬಂದ್. ಟಿಕೆಟ್ ಮಾಡಿಸುವ ಮೊದಲು ಆ ವರ್ಷದ ನ್ಯೆಪಿ ದಿನಾಂಕ ನೋಡಿಕೊಳ್ಳಿ.

ಇಂತು,
ಕಾರ್ಯದರ್ಶಿ